ಅಕ್ಕೋರು ಕೇಳಿದ ಪ್ರಶ್ನೆ

ಅವರ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎದೆಯ ಗಡ್ಡೆಯ ಆಪರೇಷನ್ ಆದ ಮೇಲೆ ಆ ಕೈ ಸದಾ ಬಾತುಕೊಂಡಿರುತ್ತಿತ್ತು. ಹಸಿರು ಬಳೆಗಳೆಲ್ಲ ಎಡಗೈಗೆ ಬಂದಿದ್ದವು. ಬೇಸಿಗೆ ರಜೆಯಲ್ಲಿ ಎಡಗೈಯಲ್ಲಿ ಬರೆಯಲು ಕಲಿತು, ಕಾಲೇಜು ಶುರುವಾದಾಗ ಏನೂ ಆಗಿಲ್ಲವೆಂಬಂತೆ ಬೋರ್ಡಿನ ಮುಂದೆ ನಿಂತಿದ್ದರು. ಡೊಂಕು ಅಕ್ಷರ ಕಂಡು ಯಾರೋ ನಕ್ಕರು. "ನನಗೂ ನಗಿ ಬರತೈತಿ. ಆದ್ರ ಲೆಕ್ಕ ಸರಿ ಐತ್ಯೋ ಇಲ್ಲೋ, ಅದನ್ನ ನೋಡ್ರಿ," ಎಂದು ಬರೆಯುತ್ತಲೇ ಹೋದರು.

ಹಾರೂಗೇರಿಯ ಪಿಯು ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ನಾನು ಐಗಳಿಯ ಕನ್ನಡ ಶಾಲೆಯಿಂದ ಬಂದವಳು. ಇಂಗ್ಲಿಷ್ ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಅವರು ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ, ಬೇಕಾದವರಿಗೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು. "ತಿಳೀತ್ರಿ" ಎಂದರೆ ಬಿಡುತ್ತಿರಲಿಲ್ಲ. "ಹಂಗಾರ ನೀ ಹೇಳು" ಎಂದು ಸೀಮೆಸುಣ್ಣ ಕೈಗಿಡುತ್ತಿದ್ದರು.

ಎಂ.ಎಸ್ಸಿ. ಮುಗಿಸಿ ನಾನು ಸಂಶೋಧನೆಗೆ ಸೇರಿದೆ. ಗೆಲಾಕ್ಸಿಗಳ ಸುತ್ತ ಬಹುದೂರದವರೆಗೆ ಹರಡಿರುವ ಬಿಸಿ ಅನಿಲ ನನ್ನ ವಿಷಯ. ಅದು ಕಣ್ಣಿಗೆ ಕಾಣುವುದಿಲ್ಲ. ಅದರಿಂದ ಬರುವ ಎಕ್ಸ್-ರೇಯನ್ನು ಬಾಹ್ಯಾಕಾಶದ ದೂರದರ್ಶಕದಿಂದಲೇ ಹಿಡಿಯಬೇಕು. ಅಂಥ ದೂರದರ್ಶಕದ ಸಮಯ ಕೇಳಿ ಹಾಕಿದ ಅರ್ಜಿ ತಿರಸ್ಕಾರವಾಯಿತು. ಮರುವರ್ಷವೂ ಅದೇ ಉತ್ತರ. ಸಾಕಾಯಿತು, ಬ್ಯಾಂಕಿನ ಪರೀಕ್ಷೆ ಬರೆಯುತ್ತೇನೆ ಎಂದು ನಿರ್ಧರಿಸಿ ಊರಿಗೆ ಬಂದವಳು, ಅಕ್ಕೋರಿಗೆ ಹೇಳಿ ಬರೋಣವೆಂದು ಹಾರೂಗೇರಿಗೆ ಹೋದೆ.

ಆಗ ಅವರ ಕಾಯಿಲೆ ಮರಳಿತ್ತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಚಿಕಿತ್ಸೆಗೆ ಮಿರಜಕ್ಕೆ ಹೋಗಿಬರುವ ನಡುವೆಯೂ ಪಾಠ ಮಾಡುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿ, "ಬಿಡಬ್ಯಾಡ ಅನ್ನಂಗಿಲ್ಲ ನಾ. ಆದ್ರ ಏನ್ ಬಿಡಾಕತ್ತಿ ಅಂತ ನಮ್ಮ ಹುಡುಗರಿಗಿ ಹೇಳಿ ಹೋಗು," ಎಂದು ಎದ್ದು ನಡೆದೇಬಿಟ್ಟರು.

ತರಗತಿಯಲ್ಲಿ ಅನಿಲದ ತಾಪ ಲಕ್ಷಾಂತರ ಡಿಗ್ರಿ ಎಂದೆ. "ಹಂಗಾರ ಎಲ್ಲಾ ಸುಟ್ಟ ಹೋಗಂಗಿಲ್ಲೇನ್ರಿ?" ಎಂದು ಒಬ್ಬಳು ಕೇಳಿದಳು. ಸುಡುವಷ್ಟು ದಟ್ಟವಾಗಿಲ್ಲ, ನಾವು ಕಲ್ಪಿಸಲಾರದಷ್ಟು ವಿರಳ ಎಂದೆ. ಆ ಅನಿಲ ನಿಧಾನ ತಣಿದು ಗೆಲಾಕ್ಸಿಯೊಳಗೆ ಬಿದ್ದಾಗ ಹೊಸ ನಕ್ಷತ್ರಗಳಾಗುತ್ತವೆ. ಸಿಡಿದ ನಕ್ಷತ್ರಗಳು ಅದನ್ನು ಮತ್ತೆ ಕಾಯಿಸಿ ಹೊರಗೆ ದೂಡುತ್ತವೆ. ಕೆಲವು ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದೇ ನಿಂತುಹೋಗಿದೆ ಎಂದು ವಿವರಿಸಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿದ್ದು ನನಗೇ ತಿಳಿಯಲಿಲ್ಲ.

ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಅಕ್ಕೋರು ಕೇಳಿದರು: "ನಿಂತೈತಿ ಅಂದೆಲ್ಲ, ಅಲ್ಲಿ ಅನಿಲ ತೀರಿ ನಿಂತಿತೋ, ಇದ್ದೂ ತಣ್ಣಗಾಗದ ನಿಂತಿತೋ?"

"ಗೊತ್ತಿಲ್ರಿ."

"ಅರ್ಜಿಯೊಳಗ ಇದನ್ನ ಕೇಳಿದ್ಯೇನು?"

ಕೇಳಿರಲಿಲ್ಲ. ಹತ್ತಾರು ವಿಷಯಗಳನ್ನು ಒಟ್ಟಿಗೆ ತುರುಕಿದ್ದೆ.

"ಇದೊಂದನ್ನ ಕೇಳಿ ನೋಡು. ಆಮ್ಯಾಲ ಬ್ಯಾಂಕ್ ಇದ್ದ ಐತಿ."

ನಕ್ಷತ್ರ ಹುಟ್ಟುವುದು ನಿಂತುಹೋದ ಒಂದೇ ಗೆಲಾಕ್ಸಿ, ಒಂದೇ ಪ್ರಶ್ನೆ. ಹಾಗೆ ಬರೆದ ಅರ್ಜಿ ಒಪ್ಪಿಗೆಯಾಯಿತು. ಅಕ್ಕೋರಿಗೆ ಫೋನ್ ಮಾಡಿದಾಗ ಅವರ ದನಿ ಬಹಳ ಸೋತಿತ್ತು. "ಛಲೋ ಆತು. ನಿನಗ ಬೇಕಾದ್ದನ್ನ ನೋಡಬ್ಯಾಡ. ಅಲ್ಲಿ ಇದ್ದದ್ದನ್ನ ನೋಡು," ಎಂದರು.

ದತ್ತಾಂಶ ಬರುವ ಮೊದಲೇ ಅವರು ತೀರಿಕೊಂಡರು. ನಾನು ಹಾರೂಗೇರಿಗೆ ಹೋದಾಗ ಪ್ರಾಂಶುಪಾಲರು, "ಉಷ್ಣದ ಪಾಠ ಅರ್ಧಕ್ಕ ನಿಂತೈತ್ರಿ. ಪರೀಕ್ಷಿ ಹತ್ತಿರ ಬಂತು, ಬ್ಯಾರೆ ಯಾರೂ ಸಿಗವಲ್ರು," ಎಂದರು. ಆ ಪಾಠ ಮುಗಿಸಿಕೊಡಲು ನಾನು ಊರಲ್ಲೇ ಇದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡೆ. ಅಲ್ಲಿರುವಾಗಲೇ ಲ್ಯಾಪ್‌ಟಾಪಿಗೆ ದತ್ತಾಂಶ ಬಂತು. ಆ ಗೆಲಾಕ್ಸಿಯ ಸುತ್ತ ಅನಿಲ ತೀರಿರಲಿಲ್ಲ. ಬೇಕಾದಷ್ಟಿತ್ತು, ತಣಿದಿರಲಿಲ್ಲ ಅಷ್ಟೆ.

ಅದನ್ನು ಮೊದಲು ಕೇಳಿದವರು ಅಕ್ಕೋರ ವಿದ್ಯಾರ್ಥಿಗಳು. ಹೇಳಿ ಮುಗಿಸಿದೆ, ಉಷ್ಣದ ಪಾಠದ ಉಳಿದ ಲೆಕ್ಕಗಳನ್ನೂ ಬಿಡಿಸಿದೆ. ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಹೋದರು. ಆಮೇಲೆ ಆ ಖಾಲಿ ಕೋಣೆಯಲ್ಲಿ ಕುಳಿತು ನಾನು ಮನಸಾರೆ ಅತ್ತುಬಿಟ್ಟೆ.