ಪಾಲಿಶಮ್ಮ ಉಳಿ ಹಿಡಿದ ದಿನ

ಗಂಡ ಲೇತ್ ಯಂತ್ರದಲ್ಲಿ ಕಡೆದ ಮರದ ಬಟ್ಟಲುಗಳನ್ನು ಇಪ್ಪತ್ತು ವರ್ಷದಿಂದ ಉಜ್ಜಿ, ಎಣ್ಣೆ ಹಚ್ಚಿ ಮಿನುಗಿಸುತ್ತಿದ್ದವಳು ಅವಳೇ. ಬೀದಿಯವರ ಬಾಯಲ್ಲಿ ಅವಳು ಪಾಲಿಶಮ್ಮ. ಅವತ್ತು ಬಟ್ಟಲೊಂದು ಅರ್ಧಕ್ಕೆ ಬಂದಿದ್ದಾಗ ಗಂಡನ ಕೈ ಉಳುಕಿತು. ಪಾಲಿಶಮ್ಮ ಸೆರಗು ಸಿಕ್ಕಿಸಿ ತಾನೇ ಉಳಿ ಹಿಡಿದುಬಿಟ್ಟಳು. ಮರದ ಸುರುಳಿಗಳು ಮುಖಕ್ಕೆ ಹಾರಿದವು.

“ಸಾಕು ಕಣೇ, ಇನ್ನೂ ತೆಳು ಮಾಡಿದ್ರೆ ಒಡೆದುಹೋಗುತ್ತೆ!” ಗಂಡ ಕೂಗಿದ.

“ಸುಮ್ನಿರಿ! ಎಷ್ಟು ದಪ್ಪ ಇದೆ ಅಂತ ನನ್ನ ಬೆರಳಿಗೆ ಗೊತ್ತಾಗುತ್ತೆ.”

ಯಂತ್ರ ನಿಲ್ಲಿಸಿ, ಬಟ್ಟಲನ್ನು ಬಿಚ್ಚಿ ಕಿಟಕಿಯತ್ತ ಎತ್ತಿದಳು. ತೆಳ್ಳನೆಯ ಮರದೊಳಗಿಂದ ಬಿಸಿಲು ಜೇನಿನ ಬಣ್ಣದಲ್ಲಿ ತೂರಿ ಬಂತು.

“ಎಲಾ ಇವಳ! ನನ್ನ ಕೈಲಿ ಒಂದ್ಸಲವೂ ಹೀಗೆ ಬಂದಿಲ್ಲವಲ್ಲೇ!” ಗಂಡ ಕುರ್ಚಿಯಿಂದ ಎದ್ದೇಬಿಟ್ಟ.

“ನಿಮ್ಮ ಕೈ ನಿಧಾನಕ್ಕೇ ವಾಸಿ ಆಗ್ಲಿ ಬಿಡಿ, ಅವಸರ ಏನಿಲ್ಲ!” ಎನ್ನುತ್ತಾ ಪಾಲಿಶಮ್ಮ ಇನ್ನೊಂದು ಮರದ ತುಂಡನ್ನು ಯಂತ್ರಕ್ಕೆ ಬಿಗಿದಳು.