ಅಂಗಳದಲ್ಲೇ ಉಳಿದಿದ್ದ ಸೌದೆ

"ಅಣ್ಣಾ, ಸೌದೆ ಒಳಗೆ ಜೋಡಿಸ್ಲಾ, ಬೇಡ್ವಾ?"

ಸುಂಟಿಕೊಪ್ಪದಲ್ಲಿ ಬಾಡಿಗೆಗೆ ಕೊಡಲೆಂದು ನಾನು ಕೊಳ್ಳಬೇಕೆಂದಿದ್ದ ಪುಟ್ಟ ಮನೆಯನ್ನು ಟೇಪ್ ಹಿಡಿದು ಅಳೆಯುತ್ತಿದ್ದಾಗ, ಅಲ್ಲಿ ಈಗಾಗಲೇ ಬಾಡಿಗೆಗಿದ್ದ ಹೆಂಗಸು ಹೀಗೆ ಕೇಳಿದರು. ಮಳೆಗಾಲ ಹತ್ತಿರ ಬಂದಿತ್ತು. ಅಕ್ಕಪಕ್ಕದವರೆಲ್ಲ ಸೌದೆ ಒಳಗಿಟ್ಟಾಗಿತ್ತು. ಇವರದ್ದು ಮಾತ್ರ ಅಂಗಳದಲ್ಲೇ ಬಿದ್ದಿತ್ತು.

"ಯಾಕಕ್ಕಾ, ಇನ್ನೂ ಹೊರಗೇ ಬಿಟ್ಟಿದ್ದೀರಿ?"

"ನೀವು ಮನೆ ಬಿಡಿಸಿದ್ರೆ ಮತ್ತೆ ಹೊರಗೆ ಹೊರೋದು ನಾನೇ ಅಲ್ವಾ?"

ಮನೆ ಖಾಲಿ ಮಾಡಿಸಿ ಬಣ್ಣ ಹೊಡೆಸಿದರೆ ಬಾಡಿಗೆ ಹೆಚ್ಚು ಬರುತ್ತದೆ ಎಂದು ಬ್ರೋಕರ್ ಹೇಳಿದ್ದ. ನನಗೂ ಅದೇ ಸರಿ ಅನಿಸಿತ್ತು. ಅವರ ಮುಖ ನೋಡಿಕೊಂಡು ಅದನ್ನು ಹೇಳಲಾಗಲಿಲ್ಲ.

"ಜೋಡಿಸಿ ಅಕ್ಕಾ" ಎಂದೆ. ಟೇಪ್ ಜೇಬಿಗಿಟ್ಟು ನಾನೂ ಒಂದು ಹೊರೆ ಎತ್ತಿದೆ.

ರಿಜಿಸ್ಟ್ರೇಷನ್ ಇನ್ನೂ ಆಗಬೇಕಿದೆ. ಆದರೆ ಆ ಮನೆಯೊಳಗೆ ನಾನು ತಂದಿಟ್ಟ ಮೊದಲ ವಸ್ತು ಅವರ ಸೌದೆ.