ಕುದುರೆ ಬಂದರಿನ ದೊರೆ ಓಬಳೇಶನಿಗೆ, ಅವನಿಂದ ಮೋಸ ಹೋದ ಗೆಳೆಯನಿಂದ

ಸುಳ್ಳು ಅಂದುಕೊಂಡೆ...
ಬೆಳಿಗ್ಗೆ ಮೊಳಕಾಲ್ಮುರಿನಿಂದ ಸುದ್ದಿ ಬಂದಾಗ, ಇದೂ ಓಬಳೇಶನದೇ ಒಂದು ತಂತ್ರ ಅಂದುಕೊಂಡೆ.
ಅವನ ನಂಬರ್‌ಗೇ ಫೋನ್ ಮಾಡಿದೆ. ಅವನ ಅಣ್ಣ ಎತ್ತಿದರು.
"ಹೌದಪ್ಪಾ... ರಾಂಪುರದ ಹತ್ರ ಬೈಕು... ಹೋಗ್ಬಿಟ್ಟ."

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವನು ಮಗ್ಗದ ಮನೆಯವನು. ನಾನು ಚಳ್ಳಕೆರೆ ಕಡೆಯ ಕುರಿ ಮನೆಯವನು, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು.
ಐದು ಜನ ಫೋನಿನಲ್ಲಿ ಒಂದು ಗೇಮ್ ಆಡುತ್ತಿದ್ದೆವು... ಹಳೆಯ ಕಾಲದ ರಾಜ್ಯ, ಸೈನ್ಯ, ವ್ಯಾಪಾರ, ಒಪ್ಪಂದ.
ಕುದುರೆ ಬಂದಿಳಿಯುವ ಬಂದರು ಅವನದು. ಕಬ್ಬಿಣದ ಗಣಿ, ಹತ್ತಿ ಹೊಲ ನನ್ನವು.

ಮಾತುಕತೆಯಲ್ಲಿ ಅವನನ್ನು ಮೀರಿಸಿದವರಿಲ್ಲ.
ಕಬ್ಬಿಣ ಬೇಕಿದ್ದರೆ ಹತ್ತಿ ಕೇಳುತ್ತಿದ್ದ. ಹತ್ತಿ ಕೊಡಲ್ಲ ಎಂದು ಹಟ ಹಿಡಿದರೆ, "ಹೋಗ್ಲಿ ಬಿಡು, ಕಬ್ಬಿಣಾನೇ ಕೊಡು" ಅನ್ನುತ್ತಿದ್ದ.
ಗೆದ್ದೆವು ಅಂದುಕೊಂಡು ಕೊಡುತ್ತಿದ್ದೆವು...

ಯುಗಾದಿ ಆದಮೇಲೆ ರಾಂಪುರದ ಹೋಟೆಲಿನಲ್ಲಿ ಕೂತೆವು.
ನಾನು ಕಬ್ಬಿಣ ಕೊಡಬೇಕು, ಅವನು ಕುದುರೆ. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗಬಾರದು.
ನಮ್ಮ ಕುರಿ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಒಪ್ಪಿದರೆ ಮುಗಿಯಿತು, ಯಾರೂ ಹಿಂದೆ ಸರಿಯುವುದಿಲ್ಲ.
ಹಾಗೇ ಹಿಡಿದೆ. ಗೇಮಿನಲ್ಲಿ ಒಪ್ಪಂದದ ಬಟನ್ ಒತ್ತಲಿಲ್ಲ.
ನಾಲ್ಕನೇ ದಿನ ಅವನ ಸೈನ್ಯ ನನ್ನ ಗಣಿಯಲ್ಲಿತ್ತು.

ಲೇ ಓಬಳೇಶ...
ಫೋನ್ ಮಾಡಿ ಬೈದರೆ ನೀನು ನಕ್ಕುಬಿಟ್ಟೆ.
"ಬಟನ್ ಒತ್ತಿದ್ಯೇನ್ ರಾ? ಇಲ್ವಲ್ಲ. ಮತ್ತೆ ಒಪ್ಪಂದ ಎಲ್ಲೈತೆ?"
"ಬೆರಳು ಹಿಡ್ದಿದ್ವಲ್ಲೋ."
"ನಾನೇನ್ ಕುರೀನಾ, ಟವೆಲ್ ಹೊಚ್ಚಿ ಕೊಂಡ್ಕೊಳ್ಳೋಕೆ?" ಎಂದು ಕೇಳಿದೆಯಲ್ಲ...

ಅವತ್ತಿನಿಂದ ನಿನ್ನನ್ನು ಮುಗಿಸುವುದೇ ನನ್ನ ಕೆಲಸ.
ಉಳಿದ ಮೂವರಿಗೆ ಅಗ್ಗಕ್ಕೆ ಹತ್ತಿ ಕೊಟ್ಟು, ಅವರು ನಿನಗೆ ಜೋಳ ಮಾರುವುದನ್ನು ಬಿಡಿಸಿದೆ.
ನಿನ್ನ ಬಂದರು ಹಸಿದಿತ್ತು... ಯಾಕೆಂದು ನಿನಗೆ ತಿಳಿಯಲಿಲ್ಲ.
ಈ ಭಾನುವಾರ ನಾಲ್ವರೂ ಒಟ್ಟಿಗೆ ನುಗ್ಗುವುದಿತ್ತು.
"ಸಾಕು ರಾ, ಸೋತೆ" ಎಂದು ನಿನ್ನ ಬಾಯಿಂದ ಕೇಳಬೇಕಿತ್ತು.
ಅದಕ್ಕೂ ಮುಂಚೆ ನೀನು ಎದ್ದು ಹೋದೆ...

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳು.
ಅಳುತ್ತಿದ್ದೇನೆ. ಕ್ಷಮಿಸಿಲ್ಲ.

ಈಗ ಗ್ರೂಪಿನ ಆ ಮೂವರಿಗೆ.
ಕೈ ಮುಗಿಯುವ ಇಮೋಜಿ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ನನಗೆ ಬೇರೆ ಮೆಸೇಜ್ ಕಳಿಸಿದಿರಿ.
"ಇನ್ನು ಅವನ ರಾಜ್ಯಾನ ಕಂಪ್ಯೂಟರ್ ಆಡ್ತೈತೆ ಲೇ, ಸುಲಭ. ಬಂದರು ನಮಗೆ, ಗಣಿ ನಿಂಗೆ."
ಅವನ ಹೆಣ ಇನ್ನೂ ಮನೆಗೆ ಬಂದಿಲ್ಲ.

ಇವತ್ತಿನಿಂದ ನಿಮಗೆ ಹತ್ತಿ ಬಂದ್. ನಿಮ್ಮ ಜೊತೆಗಿನ ಒಪ್ಪಂದಗಳನ್ನೆಲ್ಲ ಮುರಿದಿದ್ದೇನೆ.
ನನ್ನ ಸೈನ್ಯ ಓಬಳೇಶನ ಗಡಿಯಲ್ಲಿ ನಿಂತಿದೆ, ಮುಖ ನಿಮ್ಮ ಕಡೆಗೆ.
ಬನ್ನಿ... ಒಬ್ಬೊಬ್ಬರನ್ನೇ ಮುಗಿಸುತ್ತೇನೆ.
ಅವನನ್ನು ಸೋಲಿಸುವ ಹಕ್ಕು ಇದ್ದದ್ದು ನನಗೊಬ್ಬನಿಗೆ.

ಮೊಳಕಾಲ್ಮುರು ಬಸ್ಸಿನಲ್ಲಿದ್ದೇನೆ, ಮಣ್ಣಿಗೆ.
ನೆಮ್ಮದಿಯಾಗಿ ಮಲಗು, ಓಬಳೇಶ...
ನಿನ್ನ ಮೇಲೆ ನಾನೂ ಬರುವುದಿಲ್ಲ, ಯಾರನ್ನೂ ಬರಲು ಬಿಡುವುದಿಲ್ಲ.